ಒಬ್ಬರಿಗೆ ಒಂದೇ ಪೆಟ್ಟಿಗೆ

ವಿಳಾಸ ತಪ್ಪುವುದು ಸೀಗ್ಸಿಗ್ ಊರಿಗೆ ಹೊಸದೇನಲ್ಲ. ಎಕ್ವಡಾರಿನ ಬೆಟ್ಟದ ಮಡಿಲಲ್ಲಿ ಕೂತು ಇಲ್ಲಿನ ಹೆಂಗಸರು ಬೆರಳು ಸವೆಯುವಂತೆ ಹುಲ್ಲಿನ ಟೋಪಿ ಹೆಣೆದರೆ, ಜಗತ್ತು ಅದನ್ನು ಪನಾಮ ಟೋಪಿ ಎಂದು ಕರೆದು ತಲೆಗೇರಿಸಿಕೊಳ್ಳುತ್ತದೆ. ಅದಕ್ಕೆ ಊರಿನವರು ಸಿಟ್ಟಾಗಿ ಸಿಟ್ಟಾಗಿ ಸುಸ್ತಾಗಿದ್ದಾರೆ. ಆದರೆ ಹೋದ ವರ್ಷ ಊರಿಗೆ ಊರೇ ತನ್ನ ವಿಳಾಸವನ್ನು ತಪ್ಪಾಗಿ ತಿಳಿದುಕೊಂಡ ಪ್ರಸಂಗವೊಂದು ನಡೆಯಿತು. ಅದಕ್ಕೆ ಕಾರಣರಾದವರು ದೋನ್ ನಿಕಾನೊರ್ ಕಿಷ್ಪಿ. ಅವರಷ್ಟು ನಿರುಪದ್ರವಿ ಮನುಷ್ಯ ಆ ಊರಿನಲ್ಲಿ ಇನ್ನೊಬ್ಬರಿಲ್ಲ ಎಂಬುದೇ ಇದರಲ್ಲಿ ಗಾಬರಿಯ ಸಂಗತಿ.

ದೋನ್ ನಿಕಾನೊರ್ ಟೋಪಿ ಕಂಪನಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಪತ್ರವ್ಯವಹಾರದ ಗುಮಾಸ್ತರು. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಆ ಎರಡು ವರ್ಷವನ್ನು ಯಾರ ಕಣ್ಣಿಗೂ ಬೀಳದೆ ಕಳೆದುಬಿಡಬೇಕು ಎಂಬುದು ಅವರ ಏಕೈಕ ಮಹತ್ವಾಕಾಂಕ್ಷೆ. ಅದಕ್ಕೆ ಅಡ್ಡಿ ಬಂದದ್ದು ಒಂದು ಪೆನ್ನಿನ ಮುಚ್ಚಳ.

ಒಂದು ಗುರುವಾರ ಮಾಲಕಿ ದೋನ್ಯಾ ಗ್ಲಾದಿಸ್ ಹತ್ತೊಂಬತ್ತು ನೌಕರರನ್ನೂ ಸೇರಿಸಿ ಸಭೆ ಕರೆದರು.

“ಇಷ್ಟು ವರ್ಷ ನಮ್ಮ ಇಮೇಲೆಲ್ಲ ಪರದೇಶದವರ ಮನೇಲಿ ಬಾಡಿಗೆಗೆ ಕೂತಿತ್ತು. ವರ್ಷಾ ವರ್ಷಾ ಅವರು ಬಾಡಿಗೆ ಏರಿಸೋದು, ನಾವು ತಲೆ ಅಲ್ಲಾಡಿಸೋದು! ಸಾಕು. ಇನ್ನು ನಮ್ಮ ಪತ್ರ ನಮ್ಮ ಮನೇಲೇ ಇರ್ಬೇಕು. ಇಸ್ತ್ರಿ ಕೋಣೇಲಿ ನಮ್ಮದೇ ಸರ್ವರ್ ಕೂತಿದೆ. ಇವರು ಇಂಜಿನಿಯರ್ ಮರಿತ್ಸಾ, ಕ್ವೆಂಕಾದಿಂದ ಬಂದಿದಾರೆ. ಹೇಳಮ್ಮ.”

ಮರಿತ್ಸಾ ಎಂಬ ಆ ಹುಡುಗಿ ಹೇಳಿದಳು. ಏನು ಹೇಳಿದಳೆಂಬುದು ಅವಳಿಗೂ ದೇವರಿಗೂ ಗೊತ್ತು. ಕೊನೆಯ ವಾಕ್ಯವೊಂದು ಮಾತ್ರ ಎಲ್ಲರಿಗೂ ತಿಳಿಯಿತು: “ಹಳೇ ಜಾಗದಿಂದ ಹೊಸ ಜಾಗಕ್ಕೆ ವಲಸೆ ಮಾಡಿಸ್ಬೇಕು. ಅದಕ್ಕೆ ನಿಮ್ಮಲ್ಲೊಬ್ಬರು ಉಸ್ತುವಾರಿ ಬೇಕು.”

ಹದಿನೆಂಟು ಜನ ಕೂಡಲೇ ತಮ್ಮ ತಮ್ಮ ಚಪ್ಪಲಿಗಳನ್ನು ಪರಿಶೀಲಿಸತೊಡಗಿದರು. ದೋನ್ ನಿಕಾನೊರ್ ಮಾತ್ರ ಆಗ ಮೇಜಿನ ಕೆಳಗಿದ್ದರು. ಅವರ ಪೆನ್ನಿನ ಮುಚ್ಚಳ ಉರುಳಿಹೋಗಿತ್ತು. ಮುಚ್ಚಳ ಸಿಕ್ಕ ಸಂತೋಷದಲ್ಲಿ, ಮೇಲೇಳಲು ಆಸರೆಗೆಂದು ಅವರು ಕೈ ಎತ್ತಿ ಮೇಜಿನಂಚನ್ನು ಹುಡುಕಿದರು.

“ಭೇಷ್!” ಎಂದರು ದೋನ್ಯಾ ಗ್ಲಾದಿಸ್. “ದೋನ್ ನಿಕಾನೊರ್, ನಿಮ್ಮಿಂದ ನಾನು ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ. ಆದ್ರೆ ಕೇಳಿಸ್ಕೊಳ್ಳಿ. ಬರೋ ವಾರ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಹಳೇ ಬಾಗಿಲು ಮುಚ್ಚುತ್ತೆ. ಅವತ್ತೇ ಫ್ಲಾರೆನ್ಸಿನಿಂದ ವರ್ಷದ ಆರ್ಡರ್ ಬರೋದು. ಆ ಒಂದು ಪತ್ರ ದಾರಿ ತಪ್ಪಿದ್ರೆ, ನೀವು ಮನೆ ದಾರಿ ಹಿಡೀಬೇಕಾಗುತ್ತೆ.”

ಮುಚ್ಚಳ ಮತ್ತೆ ಉರುಳಿಹೋಯಿತು. ಈ ಸಲ ಅವರು ಅದನ್ನು ಹುಡುಕಲಿಲ್ಲ.

ಭಯದಿಂದ ಆರಂಭವಾದ ಹುದ್ದೆ ಎರಡು ದಿನದಲ್ಲಿ ಹೆಮ್ಮೆಗೆ ತಿರುಗಿತು. ಇಪ್ಪತ್ತಾರು ವರ್ಷ ‘ಪತ್ರದ ನಿಕಾನೊರ್’ ಆಗಿದ್ದವರಿಗೆ ಈಗೊಂದು ಪದವಿ ಬಂದಿತ್ತು. ಶನಿವಾರವಿಡೀ ಕೂತು ನೌಕರರಿಗಾಗಿ ಒಂದು ಪ್ರಕಟಣೆ ಬರೆದರು. ಮೊದಲ ಪ್ರತಿಯಲ್ಲಿ ಇಮೇಲ್ ಎಂಬ ಪದ ನಾಲ್ಕು ಕಡೆ ಇತ್ತು. ಆ ಪದ ಅವರಿಗೆ ಹಗುರವಾಗಿ ಕಂಡಿತು. ಅದೂ ಅಲ್ಲದೆ ಅದನ್ನು ಬರೆಯುವ ರೀತಿಯ ಬಗ್ಗೆ ಸಣ್ಣ ಅನುಮಾನವಿತ್ತು. ನಾಲ್ಕು ಕಡೆಯೂ ಹೊಡೆದುಹಾಕಿದರು. ಉಳಿದದ್ದು ಹೀಗಿತ್ತು:

‘ಪ್ರಕಟಣೆ. ವಲಸೆಯು ಸೋಮವಾರ ಆರಂಭವಾಗುವುದು. ಇಚ್ಛೆಯುಳ್ಳವರು ಕೆಳಗೆ ಸಹಿ ಮಾಡಿದವರಲ್ಲಿ ಹೆಸರು ಬರೆಸತಕ್ಕದ್ದು. ಒಬ್ಬರಿಗೆ ಒಂದೇ ಪೆಟ್ಟಿಗೆ. ಭಾರವಾದುದನ್ನು ಮೊದಲೇ ಇಳಿಸಿಕೊಳ್ಳತಕ್ಕದ್ದು. ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ದಾಟದವರು ಅಲ್ಲೇ ಉಳಿಯುವರು. ಅದಕ್ಕೆ ಕಂಪನಿ ಹೊಣೆಯಲ್ಲ. ನಿಕಾನೊರ್ ಕಿಷ್ಪಿ, ವಲಸೆ ಉಸ್ತುವಾರಿ.’

ಕೆಳಗೆ ಟೋಪಿಯ ಚಿತ್ರವಿದ್ದ ಕಂಪನಿಯ ಮೊಹರನ್ನು ಎರಡು ಸಲ ಒತ್ತಿ, ಅದನ್ನು ಕಾರ್ಖಾನೆಯ ಹೊರಬಾಗಿಲಿಗೆ ಅಂಟಿಸಿದರು. ಬಾಗಿಲಿನ ಎದುರಿಗೇ ಸಂತೆ ಬಯಲು. ಮಾರನೆಯ ದಿನ ಭಾನುವಾರ, ಸಂತೆ.

ಬೇರೆ ಯಾವ ಊರಿನಲ್ಲಾದರೂ ಜನ ಈ ಪ್ರಕಟಣೆಯನ್ನು ಓದಿ ತಲೆ ಕೆರೆದುಕೊಳ್ಳುತ್ತಿದ್ದರು. ಸೀಗ್ಸಿಗ್‌ನಲ್ಲಿ ಯಾರೂ ಕೆರೆದುಕೊಳ್ಳಲಿಲ್ಲ. ಇಲ್ಲಿ ಪ್ರತಿ ಮನೆಯ ಅರ್ಧ ಭಾಗ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದೆ. ಎರಡೇ ವರ್ಷ ಎಂದು ಹೋದ ಗಂಡಸರು ಹದಿನೇಳು ವರ್ಷವಾದರೂ ಅಲ್ಲೇ ಇದ್ದಾರೆ. ಹೋದದ್ದು ದೋಣಿಯಲ್ಲಿ, ಲಾರಿಯಲ್ಲಿ, ಕಾಲ್ನಡಿಗೆಯಲ್ಲಿ. ಕಳ್ಳದಾರಿಯ ದಲ್ಲಾಳಿಗಳ ಹಿಂದೆ ಉಸಿರು ಬಿಗಿಹಿಡಿದು. ಹೀಗಿರುವಾಗ, ತಿಂಗಳಿಗೊಮ್ಮೆ ನ್ಯೂಯಾರ್ಕಿಗೆ ಟೋಪಿ ಪೆಟ್ಟಿಗೆ ಕಳಿಸುವ ಕಂಪನಿಯೊಂದು, ಮೊಹರು ಒತ್ತಿ, ‘ಒಬ್ಬರಿಗೆ ಒಂದೇ ಪೆಟ್ಟಿಗೆ’ ಎಂದು ಬಾಗಿಲಿಗೆ ಅಂಟಿಸಿದರೆ ಅರ್ಥವಾಗದಿರಲು ಅದರಲ್ಲಿ ಏನಿದೆ?

ಭಾನುವಾರ ಮಧ್ಯಾಹ್ನ ಸಂತೆಯಿಂದ ಬಂದ ದೋನ್ ನಿಕಾನೊರ್ ಹೆಂಡತಿ ಸೊಯ್ಲಾ ಚೀಲವನ್ನು ನೆಲಕ್ಕೆ ಕುಕ್ಕಿದಳು.

“ಮೂವತ್ತು ವರ್ಷ ಸಂಸಾರ ಮಾಡಿದೋಳಿಗೆ ಹೇಳಿಲ್ಲ. ಗೋಡೆಗೆ ಹೇಳಿದೀರಿ!”

“ಸಣ್ಣ ವಿಷಯ ಅಲ್ವೇನೆ ಅದು…”

“ಸಣ್ಣ ವಿಷಯಾನಾ! ಮಾಂಸದಂಗಡಿಯೋನು ಇವತ್ತು ನಂಗೆ ಮೂಳೆ ಹಾಕ್ದೇ ತೂಗ್ದ. ಮದುವೆ ಆದಾಗಿಂದ ಇದೇ ಮೊದ್ಲು!”

ದೋನ್ ನಿಕಾನೊರ್ ಪ್ರಕಟಣೆಯ ಭಾಷೆ ಚೆನ್ನಾಗಿ ಬಂದಿರಬೇಕು ಎಂದುಕೊಂಡರು.

ಸೋಮವಾರ ಬೆಳಿಗ್ಗೆ ಅವರ ಮೇಜಿನೆದುರು ಶುರುವಾದ ಸಾಲು ಮೆಟ್ಟಿಲಿಳಿದು, ಅಂಗಳ ದಾಟಿ, ಬ್ರೆಡ್ಡಿನಂಗಡಿಯ ತಿರುವಿನಲ್ಲಿ ಮರೆಯಾಗಿತ್ತು. ಮೊದಲು ನಿಂತವಳು ಮಾಮಾ ಮಿಚಿ; ಅಲ್ಲಿನ ಮಾತಿನಲ್ಲಿ ಮಾಮಾ ಎಂದರೆ ಅಮ್ಮ. ಊರಿನಲ್ಲೇ ಅತ್ಯಂತ ನಯವಾದ ಟೋಪಿ ಹೆಣೆಯುವವಳು, ಅತ್ಯಂತ ಒರಟಾಗಿ ಮಾತಾಡುವವಳು. ಗಂಡ ಸೆಗುಂದೊ ಕ್ವೀನ್ಸ್‌ಗೆ ಹೋಗಿ ಹದಿನೇಳು ವರ್ಷ. ಅವನಿಗೆ ಅಲ್ಲಿ ಸರಿಯಾದ ಕಾಗದಪತ್ರ ಸಿಕ್ಕಿ ಮೂರು ವರ್ಷವಾಗಿತ್ತು, ಬಂದು ಹೋಗಬಹುದಿತ್ತು. ಬರುವ ಈಸ್ಟರ್‌ಗೆ ಬರುತ್ತೇನೆ ಎನ್ನುತ್ತಿದ್ದ. ಈಸ್ಟರ್ ಬರುತ್ತಿತ್ತು.

“ಡಾಕ್ಟ್ರೇ, ನನ್ನ ಹೆಸ್ರು ಬರ್ಕೊಳಿ,” ಎಂದಳು ಮಾಮಾ ಮಿಚಿ.

ದೋನ್ ನಿಕಾನೊರ್ ಹಿಂದಕ್ಕೆ ತಿರುಗಿ ನೋಡಿದರು. ಹಿಂದೆ ಯಾವ ಡಾಕ್ಟರೂ ಇರಲಿಲ್ಲ. ದೊಡ್ಡ ಅಧಿಕಾರಿಗಳನ್ನು ಊರಿನವರು ಡಾಕ್ಟರ್ ಎಂದು ಕರೆಯುವುದು ಅವರಿಗೆ ಗೊತ್ತಿತ್ತು. ತಮ್ಮನ್ನೂ ಕರೆಯಬಹುದೆಂದು ಗೊತ್ತಿರಲಿಲ್ಲ. ಕಿವಿ ಬಿಸಿಯಾಯಿತು.

“ನಿಮ್ಮದೂ ಒಂದಿದೆಯಾ ಮಾಮಾ ಮಿಚಿ? ನಂಗೆ ಗೊತ್ತೇ ಇರ್ಲಿಲ್ಲ.”

“ಯಾಕೆ, ನಂಗೆ ಆಸೆ ಇರಬಾರ್ದಾ?”

ಮರಿತ್ಸಾ ಕೇಳಬೇಕಾದ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ದೋನ್ ನಿಕಾನೊರ್ ಕನ್ನಡಕ ಏರಿಸಿಕೊಂಡರು.

“ಹಳೇದಾ, ಹೊಸದಾ?”

“ಕಣ್ಣು ಕಾಣಲ್ವಾ? ಐವತ್ತಾರು.”

‘ಹಳೆಯದು’ ಎಂದು ಬರೆದುಕೊಂಡರು. “ಭಾರವಾದದ್ದೇನಾದ್ರೂ?”

“ಮೊಣಕಾಲು ಒಂಚೂರು. ಅಷ್ಟೇ.”

“ವೈರಸ್ಸು?”

“ಹೋದ ತಿಂಗ್ಳು ನೆಗಡಿ ಬಂದಿತ್ತು. ವಾಸಿಯಾಯ್ತು.”

“ಒಳಗೆ ಕಸ ಇದ್ರೆ ಹೊರಡೋಕೆ ಮುಂಚೆ ಸ್ವಚ್ಛ ಮಾಡ್ಕೋಬೇಕಂತೆ.”

“ಏನ್ರೀ ಡಾಕ್ಟ್ರೇ! ದಿನಾ ಸ್ನಾನ ಮಾಡೋಳ್ರೀ ನಾನು!” ಮಾಮಾ ಮಿಚಿ ದನಿ ಏರಿಸಿದಳು, ಆಮೇಲೆ ಕೆಲಸ ಕೆಡಬಾರದೆಂದು ಇಳಿಸಿದಳು. “ಹೋಗ್ಲಿ. ಪೆಟ್ಟಿಗೆ ಎಷ್ಟು ದೊಡ್ಡದು?”

“ಎಲ್ಲರಿಗೂ ಒಂದೇ. ಎರಡು ಗಿಗಾ.”

“ಎರಡು ಗಿಗಾ ಅಂದ್ರೆ ಕಾಲು ಚಾಚ್ಬಹುದಾ?”

ಕಂಪ್ಯೂಟರ್ ತಿಳಿದವರು ಹೀಗೆಲ್ಲ ಅಲಂಕಾರವಾಗಿ ಮಾತಾಡುತ್ತಾರೇನೋ ಎಂದು ದೋನ್ ನಿಕಾನೊರ್‌ಗೆ ಅನ್ನಿಸಿತು. “ಧಾರಾಳವಾಗಿ. ಬೇಕಾದ್ರೆ ಇಡೀ ಜೀವಮಾನ ಅದರೊಳಗೇ ಕಳೀಬಹುದು ಅಂದ್ರು ಇಂಜಿನಿಯರು.”

“ಅಯ್ಯೋ, ಅಷ್ಟೆಲ್ಲ ಬೇಡ. ದಾಟೋಕೆ ಎಷ್ಟು ಹೊತ್ತು?”

“ಚಿಕ್ಕದಾದ್ರೆ ಹತ್ತು ನಿಮಿಷ. ನಿಮ್ಮದು ಹಳೇದಲ್ವಾ, ನಾಲ್ಕು ತಾಸು ಹಿಡೀಬಹುದು.”

ಮಾಮಾ ಮಿಚಿ ಹಿಂದೆ ತಿರುಗಿ, “ನಾಲ್ಕೇ ತಾಸಂತೆ!” ಎಂದು ಕೂಗಿದಳು. ಮಾತು ಸಾಲಿನುದ್ದಕ್ಕೂ ಹರಿದು ಬ್ರೆಡ್ಡಿನಂಗಡಿ ಮುಟ್ಟಿತು. ಸೆಗುಂದೊ ದಾಟಲು ನಲವತ್ಮೂರು ದಿನ ಹಿಡಿದಿತ್ತು.

“ವಿಮಾನವಾ?”

“ವಿಮಾನ ಎಲ್ಲಿ ಬಂತು? ತಂತಿ.”

“ತಂತಿ ಮೇಲಿಂದ್ಲೋ, ಕೆಳಗಿಂದ್ಲೋ?”

“ಒಳಗಿಂದ.”

ಮಾಮಾ ಮಿಚಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ವಿಜ್ಞಾನ ಇಷ್ಟು ಮುಂದುವರಿದಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. “ಇಳಿಯೋದು ಎಲ್ಲಿ?”

“ಇಲ್ಲೇ, ನಮ್ಮ ಇಸ್ತ್ರಿ ಕೋಣೇಲಿ.”

ಅವಳು ಅವರನ್ನು ಒಂದು ಕ್ಷಣ ನೋಡಿ, ಎಡಗಣ್ಣು ಮಿಟುಕಿಸಿದಳು. “ಅರ್ಥ ಆಯ್ತು ಬಿಡಿ ಡಾಕ್ಟ್ರೇ. ಗೋಡೆಗೂ ಕಿವಿ ಇದೆ,” ಎಂದು ಮೇಜಿನ ಕೆಳಗೆ ಒಂದು ಬುಟ್ಟಿ ತಳ್ಳಿ ಹೊರಟುಹೋದಳು. ಬುಟ್ಟಿಯೊಳಗೆ ಕುಂಯ್ ಕುಂಯ್ ಎನ್ನುತ್ತ ಎರಡು ದಪ್ಪ ಕುಯಿಗಳು, ಅಂದರೆ ಗಿನಿಯಿಲಿಗಳು, ಇದ್ದವು. ಹಬ್ಬದ ದಿನ ಹುರಿದು ತಿನ್ನುವ ಜಾತಿಯವು, ಸಾಕಿದವರು ಸುಮ್ಮನೆ ಯಾರಿಗೂ ಕೊಡುವಂಥವಲ್ಲ.

ಸಂಜೆಯ ಹೊತ್ತಿಗೆ ಅರವತ್ಮೂರು ಹೆಸರು, ಒಂಬತ್ತು ಕುಯಿ, ನಾಲ್ಕು ಕೋಳಿ, ಒಂದು ಗುಂಡು ಚೀಸು ಸೇರಿದ್ದವು. ಕಂಪನಿಯಲ್ಲಿ ಇರುವವರು ಹತ್ತೊಂಬತ್ತು ಜನ. ಅರವತ್ಮೂರು ಇಮೇಲ್ ಹೇಗೆ ಬಂದವು ಎಂಬ ಪ್ರಶ್ನೆ ದೋನ್ ನಿಕಾನೊರ್ ತಲೆಯಲ್ಲಿ ಹುಟ್ಟದೇ ಇರಲಿಲ್ಲ. ಮನೆಯಲ್ಲೇ ಕೂತು ಹೆಣೆಯುವ ಹೆಂಗಸರಿಗೂ ದೋನ್ಯಾ ಗ್ಲಾದಿಸ್ ಒಂದೊಂದು ಕೊಟ್ಟಿರಬೇಕು ಎಂದು ಉತ್ತರವೂ ಹುಟ್ಟಿತು. ಕೇಳಿದರೆ ತಮಗೆ ಗೊತ್ತಿಲ್ಲವೆಂಬುದು ಬಯಲಾಗುತ್ತಿತ್ತು. ಆದ್ದರಿಂದ ಕೇಳಲಿಲ್ಲ. ಪಟ್ಟಿಯನ್ನು ಮರಿತ್ಸಾಳಿಗೆ ಕೊಟ್ಟರು. ಅವಳಿಗೂ ಇದು ಜಾಸ್ತಿಯಾಯಿತೆನ್ನಿಸಿತು. ಆದರೆ ಹೊಸ ಊರಿನಲ್ಲಿ ಅಧಿಕಪ್ರಸಂಗ ಬೇಡವೆಂದು ಅವಳೂ ಕೇಳಲಿಲ್ಲ. ಅರವತ್ಮೂರು ಹೊಸ ಇಮೇಲ್ ಪೆಟ್ಟಿಗೆ ತೆರೆದು, ಅರವತ್ಮೂರು ಚೀಟಿ ಮುದ್ರಿಸಿಕೊಟ್ಟಳು. ಒಂದೊಂದರಲ್ಲೂ ಒಂದು ವಿಳಾಸ, ಒಂದು ಪಾಸ್‌ವರ್ಡ್. ತಿಳಿಯದ್ದನ್ನು ಕೇಳದಿರುವ ಸಭ್ಯತೆಯಿಂದ ಲೋಕದಲ್ಲಿ ಎಷ್ಟು ಅನಾಹುತವಾಗಿದೆಯೋ ಲೆಕ್ಕವಿಟ್ಟವರಿಲ್ಲ.

ಬುಧವಾರ ದೋನ್ ನಿಕಾನೊರ್ ಚೀಟಿ ಹಂಚಿದರು. “ಇದು ಗುಟ್ಟಿನ ಪದ. ಯಾರಿಗೂ ತೋರಿಸ್ಬೇಡಿ. ಪಾದ್ರಿಗೂ.”

“ದಾಟೋವಾಗ ಕೇಳ್ತಾರಾ?”

“ಕೇಳ್ದೇ ಬಿಡೋದೇ ಇಲ್ಲ. ಮೂರು ಸಲ ತಪ್ಪು ಹೇಳಿದ್ರೆ ಬಾಗಿಲು ಹಾಕ್ಕೊಳ್ಳುತ್ತೆ.”

ಅಂದಿನಿಂದ ಊರಿನ ಹೆಂಗಸರು ಟೋಪಿ ಹೆಣೆಯುತ್ತ, ಜೋಳ ಬೇಯಿಸುತ್ತ, ಇಗರ್ಜಿಯಲ್ಲಿ ಮಂಡಿಯೂರಿ, “ಎಂ ದೊಡ್ಡದು, ಚಿಕ್ಕದು ಐ, ನಾಲ್ಕು, ಏಳು, ಅಡ್ಡಗೆರೆ” ಎಂದು ಗುನುಗತೊಡಗಿದರು. ಪಾದ್ರಿಗಳು ಭಕ್ತಿ ಹೆಚ್ಚಿದೆಯೆಂದು ಸಂತೋಷಪಟ್ಟರು. ಚೀಟಿಯಲ್ಲಿದ್ದ ವಿಳಾಸವನ್ನು ಹೆಂಗಸರು ಕ್ವೀನ್ಸ್‌ಗೆ ಫೋನ್ ಮಾಡಿ, ಅಕ್ಷರ ಅಕ್ಷರವಾಗಿ ಗಂಡಂದಿರಿಗೆ ಹೇಳಿದರು: “ಇನ್ಮೇಲೆ ನನ್ನ ವಿಳಾಸ ಇದು. ಶುಕ್ರವಾರ ಹೊರಡ್ತಿದೀನಿ. ಫೋನಲ್ಲಿ ಜಾಸ್ತಿ ಮಾತಾಡೋ ಹಾಗಿಲ್ಲ.” ಅಷ್ಟು ಹೇಳಿ, ಕಳ್ಳದಾರಿ ಹಿಡಿಯುವವರು ಮಾಡುವಂತೆ ಫೋನ್ ಆರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಚೆ ಬದಿಯಲ್ಲಿ ಅರವತ್ತು ಚಿಲ್ಲರೆ ಗಂಡಸರು ಆರಿದ ಫೋನಿನೊಳಗೆ ಎಷ್ಟು ಹೊತ್ತು ಹಲೋ ಹಲೋ ಎಂದರೋ ಗೊತ್ತಿಲ್ಲ.

ಗುರುವಾರ ಊಟಕ್ಕೆ ಕೂತಾಗ ಸೊಯ್ಲಾ ಕೇಳಿದಳು, “ಎಲ್ರನ್ನೂ ಕಳಿಸ್ತಿದೀರಿ. ನಮ್ಮದ್ಯಾವಾಗ?”

“ನಂದು ಸೋಮವಾರಾನೇ ಆಯ್ತಲ್ಲ.”

“ಆಯ್ತಾ? ನೀವು ಇಲ್ಲೇ ಕೂತು ಸೂಪು ಕುಡೀತಿದೀರಲ್ರೀ!”

“ಅಲ್ಲಿಗೂ ಹೋಗಿದೀನಿ, ಇಲ್ಲೂ ಇದೀನಿ. ಶುಕ್ರವಾರ ಮಧ್ಯಾಹ್ನದವರೆಗೆ ಎರಡು ಕಡೇನೂ ಇರ್ತೀನಂತೆ. ಆಮೇಲೆ ಇಲ್ಲಿಂದ ಅಳಿಸಿಹಾಕ್ತಾರೆ.”

ಸೊಯ್ಲಾ ಎದ್ದು ಬಂದು ಅವರ ಹಣೆ ಮುಟ್ಟಿ ನೋಡಿದಳು. ಬಿಸಿಯಿರಲಿಲ್ಲ. ಅದರಿಂದ ಅವಳಿಗೆ ಇನ್ನಷ್ಟು ಭಯವಾಯಿತು.

ಶುಕ್ರವಾರ ಬಂತು. ಹನ್ನೊಂದು ಗಂಟೆಗೆ ಇಸ್ತ್ರಿ ಕೋಣೆಯಲ್ಲಿ ಮರಿತ್ಸಾ ಪರದೆಯೆದುರು ಕೂತಿದ್ದಳು. ಹಳೆಯ ಪತ್ರಗಳೆಲ್ಲ ಬಂದಿಳಿದಿದ್ದವು. ಇನ್ನುಳಿದದ್ದು ಒಂದೇ ಕೆಲಸ: ಹೊಸದಾಗಿ ಬರುವ ಪತ್ರಗಳಿಗೆ ದಾರಿ ತೋರಿಸುವ ಕೈಮರವನ್ನು ಹಳೆ ಮನೆಯಿಂದ ಈ ಮನೆಯತ್ತ ತಿರುಗಿಸುವುದು. ಹನ್ನೆರಡರೊಳಗೆ ತಿರುಗಿಸದಿದ್ದರೆ ಫ್ಲಾರೆನ್ಸಿನ ಪತ್ರ ಮುಚ್ಚಿದ ಬಾಗಿಲಿಗೆ ತಲೆ ಹೊಡೆದುಕೊಂಡು ಹಿಂದಿರುಗುವುದು ಖಂಡಿತ. ದೋನ್ ನಿಕಾನೊರ್ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಹೊರಗಂಗಳದಲ್ಲಿ ಅರವತ್ಮೂರು ಹೆಂಗಸರು ಗಂಟುಮೂಟೆ, ಬೇಯಿಸಿದ ಜೋಳದ ಪೊಟ್ಟಣ, ಎರಡೆರಡು ಸ್ವೆಟರ್ ಸಹಿತ ಬಂದು ಕೂತಿದ್ದರು. ಕೆಲಸದ ಮುಕ್ತಾಯ ನೋಡಲು ಇಷ್ಟು ಜನ ಬಂದಿದ್ದಾರಲ್ಲ ಎಂದು ದೋನ್ ನಿಕಾನೊರ್ ಕೋಟಿನ ಗುಂಡಿ ಹಾಕಿಕೊಂಡರು.

ಆಗ ನುಗ್ಗಿದವರು ಊರಿನ ಅಧಿಕಾರಿ ದೋನ್ ರಿಗೊಬೆರ್ತೊ. ಹಿಂದೆ ಇಬ್ಬರು ಪೊಲೀಸರು.

“ವಲಸೆ ಉಸ್ತುವಾರಿ ಅನ್ನೋನು ಯಾರು?”

“ನಾನ್ರೀ ಸ್ವಾಮಿ,” ಎಂದರು ದೋನ್ ನಿಕಾನೊರ್, ಅಭಿನಂದನೆಗೆ ಕೈ ಚಾಚುತ್ತ.

“ಎಷ್ಟು ಜನಾನ ದಾಟಿಸಿದೀಯ?”

“ಹತ್ತೊಂಬತ್ತು ದಾಟಿಯಾಯ್ತು. ಅರವತ್ಮೂರು ಸಿದ್ಧವಾಗಿವೆ.”

“ಸರ್ಕಾರಕ್ಕೆ ಗೊತ್ತಾ?”

“ಸರ್ಕಾರಕ್ಕೆ ಯಾಕೆ ಗೊತ್ತಾಗ್ಬೇಕು ಸ್ವಾಮಿ? ಅದಕ್ಕೇ ಅಲ್ವೇ ನಾವು ಸ್ವಂತದ್ದು ಮಾಡ್ಕೊಂಡಿರೋದು! ಹೊರಗಿನೋರು ಯಾರೂ ಇಣುಕಿ ನೋಡೋ ಹಾಗಿಲ್ಲ.”

ಪೊಲೀಸರಿಬ್ಬರೂ ಮುಖ ಮುಖ ನೋಡಿಕೊಂಡರು. ಇಷ್ಟು ನಿರ್ಭಯವಾಗಿ ತಪ್ಪೊಪ್ಪಿಕೊಂಡವನನ್ನು ಅವರು ಕಂಡಿರಲಿಲ್ಲ. ದೋನ್ ರಿಗೊಬೆರ್ತೊ ಮರಿತ್ಸಾಳನ್ನು ಕೋಣೆಯಿಂದ ಎಬ್ಬಿಸಿ, ಬಾಗಿಲಿಗೆ ಬೀಗ ಹಾಕಿಸಿ, ಬೀಗದ ಮೇಲೆ ಕಾಗದ ಅಂಟಿಸಿ, ಮೊಹರು ಒತ್ತಿದರು. ಗಂಟೆ ಹನ್ನೊಂದೂವರೆ.

“ಸ್ವಾಮಿ, ಹನ್ನೆರಡಕ್ಕೆ ಫ್ಲಾರೆನ್ಸ್…” ದೋನ್ ನಿಕಾನೊರ್ ದನಿ ಒಡೆಯಿತು.

“ಫ್ಲಾರೆನ್ಸ್ ಅನ್ನೋಳೂ ಹೊರಟಿದಾಳಾ? ಕೊಡು ಪಟ್ಟಿ!” ಅಧಿಕಾರಿಗಳು ಪಟ್ಟಿ ಕಿತ್ತುಕೊಂಡು, ಸಾಕ್ಷಿಗಳ ಎದುರು, ಗಟ್ಟಿಯಾಗಿ ಓದತೊಡಗಿದರು. ಪ್ರತಿ ಹೆಸರಿಗೂ ದನಿ ಗಂಭೀರವಾಗುತ್ತ ಹೋಯಿತು. ಮೂವತ್ತೇಳನೆಯದಕ್ಕೆ ನ್ಯಾಯಾಧೀಶರಂತಿತ್ತು. ಮೂವತ್ತೆಂಟನೆಯದಕ್ಕೆ ನಿಂತಿತು.

ಆ ಹೆಸರು ಫಾನ್ನಿ. ಅವರ ಹೆಂಡತಿ.

ದೋನ್ ರಿಗೊಬೆರ್ತೊ ಪಟ್ಟಿಯನ್ನು ಮಡಚಿ, ದೋನ್ ನಿಕಾನೊರ್ ಭುಜ ಹಿಡಿದು ಮೂಲೆಗೆ ಕರೆದೊಯ್ದರು. “ಇವಳು ಯಾವತ್ತು ಬಂದಿದ್ಲು?”

“ಮೊದಲನೇ ದಿನಾನೇ ಸ್ವಾಮಿ. ಬಹಳ ಆಸಕ್ತಿ ಅವರಿಗೆ.”

“ಒಬ್ಳೇನಾ?”

“ಒಬ್ಬರಿಗೆ ಒಂದೇ ಪೆಟ್ಟಿಗೆ ಅಂತ ನಿಯಮ ಇದೆ. ಇಬ್ಬರು ಒಂದ್ರಲ್ಲಿ ಇದ್ರೆ ಆಮೇಲೆ ಜಗಳ ಅಂತಾರೆ ಇಂಜಿನಿಯರು.”

“ಏನಾದ್ರೂ… ಹೇಳಿದ್ಲಾ?”

ದೋನ್ ನಿಕಾನೊರ್ ನೆನಪಿಸಿಕೊಂಡರು. ಕೆಲಸದಲ್ಲಿ ಅವರು ಪ್ರಾಮಾಣಿಕರು. “ಹಳೇದ್ರಲ್ಲಿ ಉಳಿಸ್ಕೊಳ್ಳೋವಂಥದ್ದು ಏನಾದ್ರೂ ಇದೆಯಾ ಅಂತ ಕೇಳ್ದೆ ಸ್ವಾಮಿ. ಏನೂ ಇಲ್ಲ, ಹಾಗೇ ಬಿಟ್ಬಿಡಿ ಅಂದ್ರು.”

ದೋನ್ ರಿಗೊಬೆರ್ತೊ ಮಡಚಿದ ಪಟ್ಟಿಯನ್ನು ತಮ್ಮ ಜೇಬಿಗಿಟ್ಟರು. ಆಮೇಲೆ ಬೀಗದ ಕೈಯನ್ನು ದೋನ್ ನಿಕಾನೊರ್ ಜೇಬಿಗೆ ತುರುಕಿ, ಪೊಲೀಸರನ್ನೂ ಮರೆತು, ಅಂಗಳಕ್ಕೆ ಓಡಿದರು. ಅಲ್ಲಿ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಕೂತಿದ್ದ ಹೆಂಗಸೊಬ್ಬಳ ಎದುರು ನಿಂತು, ಅವಳ ಗಂಟನ್ನು ಕೇಳಿದರು. ಅವಳು ಕೊಡಲಿಲ್ಲ. ಅವರು ಪಕ್ಕದಲ್ಲಿ ಕೂತರು.

ಕಾಗದ ಹರಿದು, ಬೀಗ ತೆಗೆದು, ಮರಿತ್ಸಾ ಕುರ್ಚಿಗೆ ಹಾರಿದಾಗ ಗಂಟೆ ಹನ್ನೆರಡಕ್ಕೆ ಎಂಟು ನಿಮಿಷ ಬಾಕಿ. ದೋನ್ಯಾ ಗ್ಲಾದಿಸ್ ಗದ್ದಲ ಕೇಳಿ ಇಳಿದುಬಂದರು. ಮರಿತ್ಸಾಳ ಬೆರಳು ಓಡಿತು. “ತಿರುಗ್ತು,” ಎಂದಳು. ಇಗರ್ಜಿಯ ಗಂಟೆ ಹನ್ನೆರಡು ಬಡಿಯಿತು. ಎಲ್ಲರೂ ಪರದೆಯನ್ನು ನೋಡುತ್ತ ನಿಂತರು. ಏನೂ ಬರಲಿಲ್ಲ. ದೋನ್ ನಿಕಾನೊರ್ ಮನಸ್ಸಿನಲ್ಲೇ ಮೇಜಿನ ಡ್ರಾಯರನ್ನು ಖಾಲಿ ಮಾಡತೊಡಗಿದರು.

ಟಣ್ ಎಂದಿತು.

ದೋನ್ಯಾ ಗ್ಲಾದಿಸ್ ಬಗ್ಗಿ ಓದಿದರು: “‘ಬರಬೇಡ.’ ಇದೇನಿದು? ಫ್ಲಾರೆನ್ಸಿನೋರು ನಮಗ್ಯಾಕೆ ಬರಬೇಡ ಅಂತಾರೆ?”

ಟಣ್. ‘ನಿನ್ನ ಕಾಲಿಗೆ ಬೀಳ್ತೀನಿ, ಬರಬೇಡ.’ ಟಣ್. ‘ಇಲ್ಲಿ ಚಳಿ ಜಾಸ್ತಿ.’ ಟಣ್. ‘ಮನೆ ಚಿಕ್ಕದು.’ ಟಣ್. ‘ಹೊರಟಿದ್ದರೆ ಅರ್ಧ ದಾರಿಯಿಂದ ಹಿಂದಿರುಗು, ಬಂದು ಎಲ್ಲ ವಿವರಿಸುತ್ತೇನೆ.’ ಟಣ್ ಟಣ್ ಟಣ್. ಬುಧವಾರದಿಂದ ದಾರಿ ಸಿಗದೆ ನಿಂತಿದ್ದ ಕ್ವೀನ್ಸ್‌ನ ಗಂಡಂದಿರ ಪತ್ರಗಳೆಲ್ಲ ಮಳೆ ಹನಿ ತಗಡಿಗೆ ಬಿದ್ದಂತೆ ಬರತೊಡಗಿದವು. ಬಂದವುಗಳನ್ನು ಒಂದೊಂದಾಗಿ ಸರಿಸುತ್ತ ಮರಿತ್ಸಾ ಇನ್ನೂರ ಹದಿನೇಳನೆಯದರಲ್ಲಿ ನಿಂತಳು. ‘ಮೊಣಕಾಲು ನೋವಿನವಳಿಗೆ ಈ ಊರು ಆಗಿಬರುವುದಿಲ್ಲ’ ಮತ್ತು ‘ಸಂತ ಅಂತೋನಿಯ ಆಣೆ’ ಎಂಬೆರಡರ ನಡುವೆ, ಜಗತ್ತಿನ ಪರಿವೆಯೇ ಇಲ್ಲದೆ, ಫ್ಲಾರೆನ್ಸಿನ ಆರ್ಡರ್ ಕೂತಿತ್ತು.

ದೋನ್ ನಿಕಾನೊರ್ ಅಲ್ಲಿದ್ದ ಟೋಪಿಗಳ ರಾಶಿಯ ಮೇಲೆ ಕೂತುಬಿಟ್ಟರು.

ಆಮೇಲೆ ವಿಚಾರಣೆಯಾಯಿತು. ಪ್ರಕಟಣೆಯನ್ನು ತರಿಸಿ ಓದಿದ ದೋನ್ಯಾ ಗ್ಲಾದಿಸ್ ಎರಡು ಲೋಟ ನೀರು ಕುಡಿದರು.

“ಅರವತ್ಮೂರು ಸಂಸಾರ, ದೋನ್ ನಿಕಾನೊರ್! ನನ್ನ ಕಂಪನಿ ಹೆಣ್ಣುಮಕ್ಕಳನ್ನ ಪೆಟ್ಟಿಗೇಲಿ ತುಂಬಿ ಕಳಿಸ್ತಿದೆ ಅಂತ ನ್ಯೂಯಾರ್ಕ್ ತುಂಬಾ ಸುದ್ದಿ! ಆರ್ಡರ್ ಬಂತು ಅಂತ ಬದುಕ್ಕೊಂಡ್ರಿ ಅಂದ್ಕೋಬೇಡಿ. ಇವತ್ತು ಸಂಜೆಯೊಳಗೆ ಒಂದೊಂದಕ್ಕೂ ಉತ್ತರ ಬರೀರಿ. ಯಾರೂ ಬರ್ತಿಲ್ಲ, ತಪ್ಪಾಯ್ತು ಅಂತ. ಒಬ್ಬಳು ಬರ್ತಾಳೆ ಅಂತ ಹೋಗಿದ್ರೂ ಸೋಮವಾರದಿಂದ ನೀವು ಬರೋದು ಬೇಡ.”

ಅಂಗಳದಲ್ಲಿ ಮೆಟ್ಟಿಲ ಮೇಲೆ ನಿಂತು ದೋನ್ ನಿಕಾನೊರ್ ಸತ್ಯ ಹೇಳಿದರು. ವಲಸೆ ಹೋದದ್ದು ಪತ್ರಗಳು, ಮನುಷ್ಯರಲ್ಲ.

“ಇಡೀ ಊರಿಗೇ ಟೋಪಿ ಹಾಕಿದ್ರಲ್ಲ ಡಾಕ್ಟ್ರೇ!” ಎಂದು ಒಬ್ಬಳು ಕೂಗಿದಳು. “ನನ್ನ ಕೋಳಿ ವಾಪಸ್ ಕೊಡಿ!” ಎಂದು ಇನ್ನೊಬ್ಬಳು. ಕೋಳಿ ಸೂಪಾಗಿ ಮೂರು ದಿನವಾಗಿತ್ತು.

“ನಿಮಗೆಲ್ಲ ಪತ್ರ ಬಂದಿದೆ,” ಎಂದರು ಅವರು, ಬೇರೇನೂ ತೋಚದೆ.

ಗದ್ದಲ ನಿಂತಿತು. ಹೆಂಗಸರು ಗಂಟುಗಳ ಸಮೇತ ಇಸ್ತ್ರಿ ಕೋಣೆಯ ಮುಂದೆ ಸಾಲು ನಿಂತರು. ಮೊದಲು ಮಾಮಾ ಮಿಚಿ. ಗುಟ್ಟಿನ ಪದವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಪೆಟ್ಟಿಗೆ ತೆರೆಯಿತು. ಒಳಗೆ ಸೆಗುಂದೊನ ಪತ್ರ ಹನ್ನೊಂದು. ದೋನ್ ನಿಕಾನೊರ್ ಓದಿದರು. ಹದಿನೇಳು ವರ್ಷದಲ್ಲಿ ಆತ ಒಟ್ಟಾಗಿ ಆಡಿದ್ದಕ್ಕಿಂತ ಹೆಚ್ಚು ಮಾತು ಅದರಲ್ಲಿತ್ತು. ಬಹುಪಾಲು ‘ಬರಬೇಡ’ ಎಂಬುದೇ.

“ಹೂಂ,” ಎಂದಳು ಮಾಮಾ ಮಿಚಿ. “ಬರ್ಕೊಳಿ. ಸಾಮಾನು ಕಟ್ಟಾಗಿದೆ.”

“ಮಾಮಾ ಮಿಚಿ, ವಲಸೆ ಮುಗಿದುಹೋಯ್ತಲ್ಲ. ಯಾರೂ ಬರ್ತಿಲ್ಲ ಅಂತ ಬರೀಬೇಕು.”

“ಮುಗೀತು ಅಂತ ನಿಮಗೆ ಗೊತ್ತು, ನಂಗೆ ಗೊತ್ತು. ಅವನಿಗ್ಯಾಕ್ರೀ ಗೊತ್ತಾಗ್ಬೇಕು? ಬರೀರಿ. ಈ ಈಸ್ಟರ್‌ಗೆ ನೀನು ಬಂದ್ಯೋ ಸರಿ. ಇಲ್ದಿದ್ರೆ ಮುಂದಿನ ಪೆಟ್ಟಿಗೇಲಿ ನಾನೇ ಬಂದಿಳೀತೀನಿ. ನಾಲ್ಕೇ ತಾಸು.”

“ನನ್ನ ಕೆಲಸ ಹೋಗುತ್ತಮ್ಮ.”

“ನನ್ನ ಗಂಡ ಹೋಗಿ ಹದಿನೇಳು ವರ್ಷ ಆಯ್ತು. ನಾನು ಸತ್ತೋದ್ನಾ?”

ದೋನ್ ನಿಕಾನೊರ್ ಜೀವಮಾನದಲ್ಲಿ ಮೇಲಿನವರ ಮಾತು ಮೀರಿದವರಲ್ಲ. ಈಗ ಮೇಲಿನವರು ಯಾರೆಂಬುದೇ ಅವರಿಗೆ ಸ್ಪಷ್ಟವಾಗಲಿಲ್ಲ. ಬೆರಳು ತಾನಾಗಿ ಗುಂಡಿ ಒತ್ತಿಬಿಟ್ಟಿತು. ನಾಲ್ಕು ನಿಮಿಷಕ್ಕೆ ಟಣ್ ಎಂದಿತು: ‘ಟಿಕೆಟ್ ತೆಗೆದುಕೊಂಡಿದ್ದೇನೆ. ಎಲ್ಲಿಗೂ ಹೊರಡಬೇಡ.’

ಮಾಮಾ ಮಿಚಿ ಅದನ್ನು ಎರಡು ಸಲ ಓದಿಸಿದಳು. ಆಮೇಲೆ ಗಂಟಿನ ಮೇಲೆ ಕೂತು ಮೂಗು ಒರೆಸಿಕೊಂಡು, “ಆ ಮನುಷ್ಯ ಬಂದ್ರೆ ಮನೆಗೆ ಸುಣ್ಣ ಹೊಡೆಸ್ಬೇಕಲ್ಲ!” ಎಂದು ಬೈಯತೊಡಗಿದಳು. ಸಾಲು ಒಂದು ಹೆಜ್ಜೆ ಮುಂದೆ ಬಂತು. “ನಂದೂ ಕಟ್ಟಾಗಿದೆ ಅಂತ ಹಾಕಿ ಡಾಕ್ಟ್ರೇ.” “ನಂಗೂ ಅದನ್ನೇ, ಸಿಟ್ಟು ಸ್ವಲ್ಪ ಜಾಸ್ತಿ ಇರ್ಲಿ.”

ಸಂಜೆಯವರೆಗೆ ಹಾಗೇ ನಡೆಯಿತು. ಕೊನೆಯವಳೂ ಹೋದ ಮೇಲೆ ದೋನ್ ನಿಕಾನೊರ್ ತಲೆ ಎತ್ತಿದರೆ ಬಾಗಿಲಲ್ಲಿ ದೋನ್ಯಾ ಗ್ಲಾದಿಸ್ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ದೋನ್ ನಿಕಾನೊರ್ ಎದ್ದು, ಹೇಳಿಸಿಕೊಳ್ಳುವುದೇಕೆಂದು ತಾವಾಗಿಯೇ ಟೋಪಿ ತೆಗೆದುಕೊಂಡರು.

ದೋನ್ಯಾ ಗ್ಲಾದಿಸ್ ಒಳಗೆ ಬಂದು ಬಾಗಿಲು ಹಾಕಿದರು. ಅವರ ಯಜಮಾನರು ಟೋಪಿ ಮಾರುವ ಕಚೇರಿ ತೆರೆಯಲೆಂದು ನ್ಯೂಯಾರ್ಕಿಗೆ ಹೋಗಿ ಒಂಬತ್ತು ವರ್ಷವಾಗಿತ್ತು. ಕಚೇರಿ ಇನ್ನೂ ತೆರೆಯುತ್ತಲೇ ಇತ್ತು.

“ಕೂತ್ಕೊಳ್ಳಿ,” ಎಂದರು. “ಇನ್ನೊಂದು ಬರೀರಿ.”

“ಸಾಮಾನು ಕಟ್ಟಾಗಿದೆ ಅಂತಾನಾ?”

“ಕಟ್ಟಿಲ್ಲ. ಆದ್ರೂ ಬರೀರಿ.”

ಬರೆದರು. ಕಳಿಸಿದರು. ಇಬ್ಬರೂ ನಾಲ್ಕು ನಿಮಿಷ ಕಾದರು. ಹತ್ತು ನಿಮಿಷ ಕಾದರು. ಟಣ್ ಎನ್ನಲಿಲ್ಲ. ದೋನ್ಯಾ ಗ್ಲಾದಿಸ್ ಎದ್ದರು.

“ದೋನ್ಯಾ, ಸೋಮವಾರ ನಾನು ಬರೋದೋ, ಬೇಡ್ವೋ?”

“ಬರದೇ ಮತ್ತೆ? ಉತ್ತರ ಬಂದ್ರೆ ಮೊದಲು ನೀವು ಓದ್ಬೇಕು. ಚೆನ್ನಾಗಿದ್ರೆ ಮಾತ್ರ ನನ್ನ ಹತ್ರ ತನ್ನಿ.”

ಚೆನ್ನಾಗಿರುವ ಉತ್ತರವೆಂದರೆ ‘ಬರುತ್ತೇನೆ’ ಎಂಬುದೋ ‘ಬಾ’ ಎಂಬುದೋ, ಅಥವಾ ‘ಬರಬೇಡ’ ಎಂಬುದೇ ಆಗಿರಬಹುದೋ ಎಂದು ದೋನ್ ನಿಕಾನೊರ್‌ಗೆ ಕೇಳಬೇಕೆನ್ನಿಸಿತು. ಬಾಯಿ ತೆರೆದರು. ಆದರೆ ದೋನ್ಯಾ ಗ್ಲಾದಿಸ್ ಆಗಲೇ ಮೆಟ್ಟಿಲು ಹತ್ತುತ್ತಿದ್ದರು. ಅರ್ಧಕ್ಕೆ ನಿಂತು, ಟಣ್ ಎಂದಿತೇನೋ ಎಂಬಂತೆ ಒಮ್ಮೆ ಕಿವಿಗೊಟ್ಟು, ಮತ್ತೆ ಹತ್ತಿದರು.